ಬುನ್ಮಾ ಕೈ ಕೊಡವಿದರೆ ಗಾಡಿ ನಿಲ್ಲುತ್ತದೆ

ಬುನ್ಮಾಳ ಬಲಗೈ ಮೊಟ್ಟಮೊದಲು ನಿದ್ದೆಹೋದದ್ದು ಮಧ್ಯಾಹ್ನದ ಊಟದ ನೂಕುನುಗ್ಗಲಿನ ನಡುವೆ. ಉಳಿದ ಬುನ್ಮಾ ಪೂರ್ತಿ ಎಚ್ಚರವಾಗಿಯೇ ಇದ್ದಳು. ಎಡಗೈಯಲ್ಲಿ ಚಮಚ, ಬಲಗೈಯಲ್ಲಿ ಮೋಟು ಒನಕೆ, ಎದುರಿಗೆ ಮಣ್ಣಿನ ಒರಳು. ಒರಳಿನಲ್ಲಿ ಹಸಿ ಪರಂಗಿಕಾಯಿ ತುರಿ, ಬೆಳ್ಳುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ, ಮತ್ತೆ ಮೂಗು ಮುಚ್ಚಿಕೊಂಡೇ ಹೊಗಳಬೇಕಾದ ಹಳೆಯ ಮೀನಿನ ರಸ. ಕಾಲಸಿನ್ ಊರಿನ ಬಸ್ ಸ್ಟ್ಯಾಂಡಿನ ಎದುರು ಅವಳು ಸೊಮ್‌ತಮ್ ಎಂಬ ಈ ಖಾರದ ಕೋಸಂಬರಿ ಕುಟ್ಟಲು ತೊಡಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬಸ್ಸಿನಲ್ಲಿ ತೂಕಡಿಸುವವರು ಅವಳ ಒರಳಿನ ಟಪ್ ಟಪ್ ಕೇಳಿಯೇ ಊರು ಬಂತೆಂದು ಚೀಲ ಹುಡುಕಿಕೊಳ್ಳುತ್ತಿದ್ದರು.

ಅಂಥ ಕೈ ಅದು. ಆ ದಿನ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜುಂ ಎಂದವು. ಉಂಗುರದ ಬೆರಳು ಅರ್ಧಕ್ಕೆ ಮಾತ್ರ ಅವರ ಜೊತೆ ಸೇರಿತು. ಕಿರುಬೆರಳಂತೂ ತನಗೂ ಈ ಸಂಸಾರಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ನೆಟ್ಟಗೆ ಕೂತಿತ್ತು. ಒನಕೆ ಹಿಡಿದಿದ್ದೇನೆಯೋ ಇಲ್ಲವೋ ಎಂದು ಬುನ್ಮಾ ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಒನಕೆ ಇಟ್ಟು ಕೈಯನ್ನು ಜೋರಾಗಿ ಕೊಡವಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಮನೆಗೆ ಮರಳಿದವು.

ಕೊಡವಿದರೆ ಸರಿಹೋಗುತ್ತದಲ್ಲ, ಇನ್ನೇನು ಬೇಕು ಎಂದುಕೊಂಡಳು. ಆದರೆ ಒಳಗೊಳಗೇ ಹೆದರಿದ್ದಳು. ಅವಳ ತಾಯಿಗೆ ಲಕ್ವ ಹೊಡೆದಿತ್ತು. ಅದೂ ಹೀಗೆಯೇ ಕೈಯಿಂದ ಶುರುವಾಗಿತ್ತೆಂದು ಅವಳ ನೆನಪು. ಅದಕ್ಕಿಂತ ದೊಡ್ಡ ಹೆದರಿಕೆ ಪಕ್ಕದಲ್ಲೇ ಕೋಳಿ ಸುಡುತ್ತ ನಿಂತಿತ್ತು. ಅದರ ಹೆಸರು ಖಮ್ಲಾ, ತೀರಿಹೋದ ಗಂಡನ ತಂಗಿ.

ಆ ಮನೆಯಲ್ಲಿ ಒರಳಿನ ಬಗ್ಗೆ ಒಂದೇ ಕಟ್ಟಳೆ: ಕುಟ್ಟುವ ಕೈ ಯಾರದ್ದೋ ಒರಳು ಅವರದ್ದು. ಅತ್ತೆಯ ಭುಜ ನೋಯುತ್ತಿದ್ದ ಕಾಲಕ್ಕೆ ಸೊಸೆ ಬುನ್ಮಾ, "ಒಂದು ಗಳಿಗೆ ಕೂತ್ಕೊಳ್ಳಿ ಅತ್ತೆ, ನಾನು ಕುಟ್ತೀನಿ," ಎಂದು ಬಾಯಲ್ಲಿ ಬೆಲ್ಲ ಕರಗಿಸಿಕೊಂಡು ಹೇಳಿದ್ದಳು. ಅತ್ತೆ ಕೂತಳು. ಸಾಯುವ ತನಕ ಕೂತೇ ಇದ್ದಳು, ಬೆಳ್ಳುಳ್ಳಿ ಸುಲಿಯುತ್ತ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಾದಿನಿಗೂ ಒಂದು ಕಾಲ ಬರಬಹುದೆಂದು ಬುನ್ಮಾಳಿಗೆ ಗೊತ್ತಿತ್ತು. ಖಮ್ಲಾ ಇಕ್ಕಳ ಹಿಡಿದು ಓರೆಗಣ್ಣಲ್ಲಿ ನೋಡುತ್ತ ಕೇಳಿಯೂಬಿಟ್ಟಳು.

"ಯಾಕಕ್ಕಾ, ಕೈ ಸೋತಿದ್ಯಾ? ಒಂದು ಗಳಿಗೆ ಕೂತ್ಕೋ, ನಾನು ಕುಟ್ತೀನಿ."

"ನೊಣ ಓಡಿಸ್ದೆ," ಎಂದಳು ಬುನ್ಮಾ.

ನೊಣದ ನೆಪ ಎಷ್ಟು ದಿನ ನಡೆದೀತು? ಕೈ ದಿನಕ್ಕೆ ನಾಲ್ಕೈದು ಸಲ ನಿದ್ದೆಹೋಗತೊಡಗಿತು. ಅವಳು ಅಷ್ಟೂ ಸಲ ಕೊಡವಿದಳು. ಕಷ್ಟ ಏನೆಂದರೆ ಅವಳ ಅಂಗಡಿ ರಸ್ತೆಯ ಅಂಚಿಗೇ ಇತ್ತು. ಆ ಸೀಮೆಯಲ್ಲಿ ಅಂಗೈ ಮೇಲೆ ಮಾಡಿ ಬೆರಳಾಡಿಸಿದರೆ ನಾಯಿಯನ್ನು ಕರೆದ ಹಾಗೆ. ಮನುಷ್ಯರನ್ನು ಕರೆಯಬೇಕಾದರೆ ಕೈ ಚಾಚಿ, ಅಂಗೈ ಕೆಳಗೆ ಮಾಡಿ, ನಾಲ್ಕೂ ಬೆರಳನ್ನು ಪಟಪಟ ಆಡಿಸಬೇಕು. ಗಾಡಿ ನಿಲ್ಲಿಸುವುದೂ ಹಾಗೆಯೇ. ಬುನ್ಮಾ ಜೋಮು ಕೊಡವುತ್ತಿದ್ದದ್ದೂ, ಗ್ರಹಚಾರಕ್ಕೆ, ಥೇಟ್ ಹಾಗೆಯೇ.

ಮೊದಲು ಐಸ್ ಗಾಡಿಯವನು ನಿಂತ. "ಇನ್ನೊಂದು ಮೂಟೆ ಬೇಕಾ ದೊಡ್ಡಮ್ಮ?" ಎಂದ. ಖಮ್ಲಾ ನೋಡುತ್ತಿದ್ದಳು. ಬುನ್ಮಾ ಬೇಕು ಎಂದಳು. ಆಮೇಲೆ ಲಾಟರಿ ಚೀಟಿ ಮಾರುವವಳು ರಸ್ತೆ ದಾಟಿ ಬಂದಳು, ಬುನ್ಮಾ ಒಂದು ಚೀಟಿ ತೆಗೆದುಕೊಂಡಳು. ಒಂದು ಬೆಳಿಗ್ಗೆ ಭಿಕ್ಷೆಗೆ ಹೊರಟಿದ್ದ ವಿಹಾರದ ಹಿರಿಯ ಭಿಕ್ಷುಗಳೇ ತಿರುಗಿ ಬಂದು, ಕಣ್ಣು ಕೆಳಗಿಟ್ಟು, ಪಾತ್ರೆಯ ಮುಚ್ಚಳ ತೆಗೆದು ಅವಳೆದುರು ನಿಂತುಬಿಟ್ಟರು. ಅವಳ ಅನ್ನ ಇನ್ನೂ ಬೆಂದಿರಲಿಲ್ಲ. ಕೈಗೆ ಸಿಕ್ಕಿದ್ದು ಇಡೀ ಒಂದು ಪರಂಗಿಕಾಯಿ. ಮಂಡಿಯೂರಿ, ಕೈಮುಗಿದು, ಅದನ್ನೇ ಹಾಕಿದಳು. ಹಿರಿಯರು ಹರಸಿ ಹೊರಟರು, ಪಾತ್ರೆಯ ಮುಚ್ಚಳ ಮಾತ್ರ ಮುಚ್ಚಲಾಗಲಿಲ್ಲ.

ಆಮೇಲೆ ಬಂದವನು ಸೊಂಬತ್.

ಸೊಂಬತ್ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಓಡುವ ನೀಲಿ ಸೊಂಗ್‌ತೇವ್‌ನ ಡ್ರೈವರ್. ಹಿಂದೆ ಎದುರುಬದುರಾಗಿ ಎರಡು ಬೆಂಚು ಹಾಕಿದ ಗಾಡಿ. ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರುತ್ತಾರೆ. ಹೆಂಡತಿ ತೀರಿಹೋಗಿ ಏಳು ವರ್ಷವಾದ ಈ ಮನುಷ್ಯ ಮಾತಿನಲ್ಲಿ ಜಿಪುಣ. ಬುನ್ಮಾ ಕೈ ಕೊಡವಿದಳು, ಅವನು ಬ್ರೇಕ್ ಹಾಕಿದ. ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬಿದ್ದರು.

"ಕರೆದ್ರಾ?"

ಖಮ್ಲಾಳ ಇಕ್ಕಳ ಕೋಳಿಯ ಮೇಲೆ ಹಾಗೇ ನಿಂತಿತ್ತು. ಬುನ್ಮಾ ಕೈ ಕೆಳಗಿಳಿಸಿದಳು. "ಹೂಂ, ಕರೆದೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಡ್ರೈವರ್ರೇ. ದಿನಾ ಹೀಗೇ ಹೋಗ್ತಿರ್ತೀರಲ್ಲ... ಒಂದು ತಟ್ಟೆ ತಿಂದ್ಕೊಂಡು ಹೋಗ್ಲಿ ಅಂತ."

ಸೊಂಬತ್ ಎರಡು ಸಲ ಕಣ್ಣು ಮಿಟುಕಿಸಿದ. ಏಳು ವರ್ಷದಿಂದ ಅವನನ್ನು ಊಟಕ್ಕೆಂದು ಕರೆದವರಿರಲಿಲ್ಲ. ಗಾಡಿಗೆಂದು ಕರೆದವರೇ ಎಲ್ಲ. ಎಂಜಿನ್ ಆರಿಸಿ ಇಳಿದ.

"ಎಷ್ಟು ಮೆಣಸಿನಕಾಯಿ?" ಎಂದಳು ಬುನ್ಮಾ. ಅದು ಅವಳು ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ.

ಗಾಡಿಯ ಹಿಂದಿನಿಂದ ಕತ್ತುಗಳು ಹೊರಬಂದವು. ಆಸ್ಪತ್ರೆಗೆ ಹೊರಟ ಪಿಕುಲ್ ಅಜ್ಜಿ, ಅವಳ ಪಕ್ಕ ಒಬ್ಬ ಪೊಲೀಸು, ಎದುರಿಗೆ ಇಬ್ಬರು ನರ್ಸುಗಳು. ಸೊಂಬತ್ ಅವರನ್ನೊಮ್ಮೆ ನೋಡಿದ, ಎದೆ ಉಬ್ಬಿಸಿದ.

"ಹತ್ತು."

ಪೊಲೀಸಿನವನು ಸಿಳ್ಳೆ ಹಾಕಿದ. ಬುನ್ಮಾ ಹತ್ತು ಹಾಕಿ ಕುಟ್ಟಿದಳು. ಸೊಂಬತ್ ಅಂಟಕ್ಕಿ ಅನ್ನದ ಉಂಡೆ ಮಾಡಿ, ಅದ್ದಿ, ಬಾಯಿಗಿಟ್ಟ. ಮುಖ ಕೆಂಪಾಯಿತು, ಆಮೇಲೆ ಇನ್ನೂ ಯಾವುದೋ ಬಣ್ಣಕ್ಕೆ ತಿರುಗಿತು. ಕೊನೆಯ ಎಳೆಯ ತನಕ ತಿಂದ. ಕಣ್ಣಿಂದ ಧಾರೆ.

"ಅಳ್ತಾ ಇದೀರಾ?"

"ರುಚಿ," ಎಂದ ಸೊಂಬತ್. ಅಷ್ಟು ಹೇಳುವುದಕ್ಕೇ ಅವನಿಗೆ ಸಾಕುಸಾಕಾಯಿತು.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ತಲೆಗೆ ಎಣ್ಣೆ. ಬುನ್ಮಾಳ ಕೈ ಆಡಿದಾಗಲೆಲ್ಲ ಗಾಡಿ ನಿಂತಿತು, ಹತ್ತು ಮೆಣಸಿನಕಾಯಿಯ ಇನ್ನೊಂದು ತಟ್ಟೆ ಖಾಲಿಯಾಯಿತು. ಹತ್ತು ಎಂದು ಒಮ್ಮೆ ಹೇಳಿದ ಗಂಡಸು ಒಂಬತ್ತು ಎಂದರೆ ಮರ್ಯಾದೆಯೇ? ಸಂಜೆ ಹೊತ್ತಿಗೆ ಅವನು ಇಂಗು ತಿಂದ ಮಂಗನ ಹಾಗೆ ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದ, ಆದರೂ ನಗುತ್ತಿದ್ದ. ಪಿಕುಲ್ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು: "ಈ ಗಾಡಿ ಹತ್ತಿದ್ರೆ ಆಸ್ಪತ್ರೆ ಮುಟ್ಟೋಷ್ಟ್ರಲ್ಲಿ ಕಾಯಿಲೆ ತಾನಾಗೇ ವಾಸಿಯಾಗಿರುತ್ತೆ."

ಬಸ್ ಸ್ಟ್ಯಾಂಡಿನ ಬಾಯಿಗೆ ಬೀಗ ಹಾಕುವವರು ಯಾರು? ಖಮ್ಲಾಳೇ ಶುರುಮಾಡಿದಳು. "ಅಲ್ಲಕ್ಕಾ, ಅಣ್ಣ ಹೋದ್ಮೇಲೆ ಗಂಡಸಿನ ಮುಖ ನೋಡಲ್ಲ ಅಂದಿದ್ದೆ. ಈಗ ದಿನಕ್ಕೆ ನಾಲ್ಕು ಸಲ ಕೈಬೀಸಿ ಕರೀತೀಯಲ್ಲೇ!"

"ನನ್ನ ಕೈ, ನನ್ನಿಷ್ಟ."

"ನೋಡಕ್ಕೆ ಕಡ್ಡಿ ಥರ ಇದ್ದಾನೆ."

"ಕಡ್ಡೀಗೇ ಅಲ್ವೇನೇ ನೀನು ಕೋಳಿ ಚುಚ್ಚೋದು? ನಿನ್ನ ಕೆಲಸ ನೋಡ್ಕೋ."

ಹೀಗೆ ಬಾಯಿ ಮಾಡಿ ಗೆದ್ದಳೇ ಹೊರತು ಬುನ್ಮಾಳ ಹೆದರಿಕೆ ಹೋಗಲಿಲ್ಲ. ಊರವರು ಮುದಿಪ್ರಾಯದ ಹುಚ್ಚು ಅಂದುಕೊಂಡರೂ ಅಡ್ಡಿಯಿಲ್ಲ, ಕೈ ಕೆಟ್ಟಿದೆ ಎಂದು ಮಾತ್ರ ಗೊತ್ತಾಗಬಾರದು. ಬಾಯಿ ಬಿಟ್ಟರೆ ಬಣ್ಣಗೇಡು. ಬೆಳ್ಳುಳ್ಳಿ ಸುಲಿಯುತ್ತ ಕೂತ ಅತ್ತೆಯ ಮುಖ ಅವಳಿಗೆ ಈಚೆಗೆ ದಿನವೂ ಕಾಣಿಸುತ್ತಿತ್ತು. ಇಷ್ಟು ವರ್ಷ ಇಲ್ಲದ ಪಾಪಪ್ರಜ್ಞೆ ಈಗ ಯಾಕೆ ಬಂತೋ! ಜೊತೆಗೆ ಸೊಂಬತ್ ತಿನ್ನುವುದನ್ನು ನೋಡುತ್ತ ನಿಲ್ಲುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ಬೇರೆ ತಲೆನೋವು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗುಟ್ಟು ರಟ್ಟಾದದ್ದು ಒನಕೆಯಿಂದ. ಒಂದು ಮಧ್ಯಾಹ್ನ, ಒಳ್ಳೆ ಭರದಲ್ಲಿ ಕುಟ್ಟುತ್ತಿದ್ದಾಗ, ಕೈಗೆ ತಿಳಿಯದ ಹಾಗೆಯೇ ಒನಕೆ ಜಾರಿ ಹಾರಿತು. ಗಿರಗಿರನೆ ತಿರುಗಿ ಖಮ್ಲಾಳ ಕೆಂಡದ ಒಲೆಗೆ ಬಡಿಯಿತು. ಅರ್ಧ ಬೆಂದ ಕೋಳಿಯೊಂದು ಬದುಕಿದ್ದಾಗಲೂ ಹಾರದಷ್ಟು ಎತ್ತರ ಹಾರಿ ಉದೊನ್ ಊರಿಗೆ ಹೊರಟಿದ್ದ ಬಸ್ಸಿನ ಕಿಟಕಿಯೊಳಗೆ ಹೋಯಿತು. ಬಸ್ಸು ಹೊರಟೇ ಹೋಯಿತು.

ಗಿರಾಕಿಗಳೆಲ್ಲ ಬುನ್ಮಾಳ ಕಡೆ ತಿರುಗಿದರು. ಖಮ್ಲಾ ಹತ್ತಿರ ಬಂದಳು. "ಅಕ್ಕಾ, ನಿಜ ಹೇಳು. ಕೈಗೇನಾಗಿದೆ?"

ಬುನ್ಮಾಳಿಗೆ ತಕ್ಷಣ ತೋಚಿದ್ದು ಒಂದೇ. "ಖ್ವಾನ್," ಎಂದಳು. "ಈ ಕೈಯಿನ ಖ್ವಾನ್ ಓಡಿಹೋಗಿದೆ ಕಣೇ. ಮೊನ್ನೆ ನಾಯಿ ಬೆದರಿಸ್ತಲ್ಲ, ಆವಾಗ್ಲೇ ಹೋಯ್ತು."

ಎಲ್ಲರೂ ಹೋ ಎಂದು ತಲೆಯಾಡಿಸಿದರು. ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್, ಒಂದೊಂದು ಅಂಗಕ್ಕೆ ಒಂದೊಂದು ಜೀವಚೈತನ್ಯ. ಬೆದರಿದರೆ ಓಡಿಹೋಗುತ್ತವೆ, ಕರೆದರೆ ಬರುತ್ತವೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಖ್ಯವಾಗಿ, ಖ್ವಾನ್ ಓಡಿಹೋಯಿತೆಂದು ಯಾರೂ ಒರಳು ಬಿಟ್ಟುಕೊಡುವುದಿಲ್ಲ. ಬುನ್ಮಾ ತನ್ನ ಜಾಣತನಕ್ಕೆ ತಾನೇ ಮೆಚ್ಚಿದಳು. ಪಾಪ, ಮುಂದಾಗುವುದು ಅವಳಿಗೇನು ಗೊತ್ತು.

ಭಾನುವಾರ ಅವಳ ಮನೆಯ ಜಗುಲಿಯಲ್ಲಿ ಖ್ವಾನ್ ಕರೆಯುವ ಶಾಸ್ತ್ರ ನಡೆಯಿತು. ನಡುವೆ ಬಾಳೆಲೆಯ ಗೋಪುರ, ಅದರಲ್ಲಿ ಹೂವು, ಬೇಯಿಸಿದ ಮೊಟ್ಟೆ, ಬಿಳಿ ಹತ್ತಿನೂಲಿನ ಕಂತೆ. ಶಾಸ್ತ್ರ ಮಾಡುವ ಸುಕ್ ತಾತ ರಾಗ ಎಳೆದು ಕರೆದ: "ಬಾರೋ ಖ್ವಾನೇ ಬಾ! ಕಾಡಲ್ಲಿದ್ರೂ ಬಾ, ಕೆರೇಲಿದ್ರೂ ಬಾ, ಬೇರೆಯವರ ಮನೆ ಊಟಕ್ಕೆ ಕೂತಿದ್ರೂ ಎದ್ದು ಬಾ!" ಎಲ್ಲರೂ "ಬಾ!" ಎಂದು ದನಿಗೂಡಿಸಿದರು.

ಆಮೇಲೆ ನೂಲು ಕಟ್ಟುವುದು. ಬೇರೆ ದಿನವಾದರೆ ನೂಲನ್ನು ಸಡಿಲವಾಗಿ ಕಟ್ಟಿ, ಒಳ್ಳೆಯ ಮಾತು ಹೇಳಿ ಏಳುತ್ತಾರೆ. ಆದರೆ ಇದು ಓಡಿಹೋದ ಚಾಳಿಯ ಖ್ವಾನ್.

"ಬಿಗಿಯಾಗಿ ಕಟ್ರಪ್ಪ, ಸಂದಿ ಸಿಕ್ರೆ ಮತ್ತೆ ಓಡುತ್ತೆ!" ಎಂದಳು ಖಮ್ಲಾ. ಅವಳ ದನಿಯಲ್ಲಿ ಕಪಟವಿರಲಿಲ್ಲ, ಅದೇ ದುರಂತ. ಐಸಿನವನು ಮೂಟೆ ಕಟ್ಟುವ ಗಂಟು ಹಾಕಿದ. ಲಾಟರಿಯವಳು ಮಂಡಿ ಒತ್ತಿ ಎಳೆದಳು. ನೆರೆಹೊರೆಯವರೆಲ್ಲ ಪ್ರೀತಿಯಿಂದ, ಹಲ್ಲು ಕಚ್ಚಿ, ಕಟ್ಟಿದರು. ಮಣಿಕಟ್ಟಿನಿಂದ ಅರ್ಧ ಮೊಳದವರೆಗೆ ಬುನ್ಮಾಳ ಕೈ ನೂಲಿನ ಉಂಡೆಯಾಯಿತು. ಖ್ವಾನ್ ಒಳಗೆ ಬಂದಿತ್ತೋ ಇಲ್ಲವೋ, ರಕ್ತವಂತೂ ಹೊರಗೆ ಹೋಗುವಂತಿರಲಿಲ್ಲ. ಬೆರಳುಗಳಲ್ಲಿ ಸಾವಿರ ಸೂಜಿ ಎದ್ದವು. ತಡೆಯಲಾರದೆ ಬುನ್ಮಾ ಜಗುಲಿಯಿಂದ ಕೈ ಹೊರಗೆ ಚಾಚಿ ಕೊಡವಿದಳು, ಪಟಪಟಪಟ.

ರಸ್ತೆಯಲ್ಲಿ ನೀಲಿ ಗಾಡಿ ಕಿರ್ರೆಂದು ನಿಂತಿತು.

"ಕರೆದ್ರಾ?"

ಹಿಂದೆ ಕೂತಿದ್ದ ಒಂಬತ್ತು ಜನರೂ ಇಳಿದರು. ಶಾಸ್ತ್ರದ ಮನೆಗೆ ಬಂದು ನೂಲು ಕಟ್ಟದೆ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಅವರೂ ಒಂದೊಂದು ಬಿಗಿದು, ಅಂಟು ಅನ್ನ ತಿಂದು, ಕೈ ತೊಳೆದರು. ಕೊನೆಗೆ ಸೊಂಬತ್ ಕೂತ. ನೂಲು ತೆಗೆದುಕೊಂಡ, ಅವಳ ಬೆರಳುಗಳನ್ನು ನೋಡಿದ. ಅವು ಕೆಂಪಗೆ ಊದಿಕೊಂಡಿದ್ದವು. ತನ್ನ ನೂಲನ್ನು ಎಲ್ಲದರ ಮೇಲೆ ಬಳೆಯಷ್ಟು ಸಡಿಲವಾಗಿ ಕಟ್ಟಿ ಮೆಲ್ಲಗೆ ಕೇಳಿದ: "ನೋವಾಗ್ತಿದ್ಯಾ?"

ಅಷ್ಟು ದಿನದಿಂದ ಯಾರೂ ಆ ಮಾತು ಕೇಳಿರಲಿಲ್ಲ. ಕೈ ಸೋತಿದೆಯಾ ಎಂದು ಕೇಳಿದ್ದರು, ಏನಾಗಿದೆ ಎಂದು ಕೇಳಿದ್ದರು. ಬುನ್ಮಾ ಎಲ್ಲರೆದುರು ಗೊಳೋ ಎಂದು ಅತ್ತಳು.

"ನನ್ನ ಗಾಡಿ ಹೋಗೋದೇ ಆಸ್ಪತ್ರೆಗೆ," ಎಂದ ಸೊಂಬತ್. "ಹತ್ತಿ."

ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ, ಒಂಬತ್ತು ಜನರೂ ಮತ್ತೆ ಹಿಂದೆ ಹತ್ತಿದರು. ವಿಹಾರದ ತಿರುವಿನ ಹೊತ್ತಿಗೆ ಬುನ್ಮಾ ಕಣ್ಣೊರೆಸಿಕೊಂಡಳು. ಅಳು ನಿಂತಮೇಲೆ ಸುಳ್ಳು ಹೇಳುವುದು ಕಷ್ಟ.

"ಡ್ರೈವರ್ರೇ, ಒಂದು ಮಾತು. ನಾನು ನಿಮ್ಮನ್ನ ಯಾವತ್ತೂ ಕರೀಲಿಲ್ಲ. ಕೈ ಜೋಮು ಹಿಡೀತಿತ್ತು, ಕೊಡವ್ತಿದ್ದೆ. ಖಮ್ಲಾಗೆ ಗೊತ್ತಾಗ್ಬಾರ್ದು ಅಂತ ಊಟದ ಸುಳ್ಳು ಹೇಳ್ದೆ."

ಸೊಂಬತ್ ಗೇರು ಬದಲಿಸಿದ. "ಯಾವತ್ತೂ?"

"ಯಾವತ್ತೂ."

"ಇಸ್ತ್ರಿ ಪೆಟ್ಟಿಗೆ ಕೊಂಡ್ಕೊಂಡ್ಬಿಟ್ಟಿದ್ದೆ," ಎಂದ ಅವನು. ಇಳಿಯುವವರು ಗಂಟೆ ಒತ್ತುತ್ತಿದ್ದರೂ ಎರಡು ನಿಲ್ದಾಣ ದಾಟಿಸಿಬಿಟ್ಟ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೈ ನೋಡಿ, "ಮೊದ್ಲು ಈ ನೂಲೆಲ್ಲ ಕತ್ತರಿಸ್ಬೇಕು," ಎಂದದ್ದೇ ತಡ, ಬಾಗಿಲಲ್ಲಿ ನಿಂತ ರೋಗಿಗಳೆಲ್ಲ ಉಸಿರೆಳೆದರು. ಹರಸಿ ಕಟ್ಟಿದ ನೂಲಿಗೆ ಕತ್ತರಿಯೇ! ಅದನ್ನು ಕೈಯಿಂದ ಬಿಚ್ಚಬೇಕು, ಅದೂ ಮೂರು ದಿನ ಕಳೆದಮೇಲೆ. ಡಾಕ್ಟರಮ್ಮನೂ ಅದೇ ಸೀಮೆಯ ಹುಡುಗಿ; ನಾಲಿಗೆ ಕಚ್ಚಿಕೊಂಡು ಕತ್ತರಿ ಕೆಳಗಿಟ್ಟಳು.

ಸೊಂಬತ್ ಸ್ಟೂಲು ಎಳೆದುಕೊಂಡ. ಕನ್ನಡಕ ಏರಿಸಿ, ಒಂದೊಂದೇ ಗಂಟು ಉಗುರಿನಿಂದ ಬಿಡಿಸಿ, ಬಿಡಿಸಿದ್ದನ್ನು ಅವಳ ಎಡಗೈಗೆ ಸಡಿಲವಾಗಿ ಕಟ್ಟುತ್ತ ಬಂದ. ಖ್ವಾನ್‌ಗೂ ಬೇಸರವಿಲ್ಲ, ಹರಸಿದವರಿಗೂ ಅವಮಾನವಿಲ್ಲ. ಐಸಿನವನ ಗಂಟಿಗೆ ಹಲ್ಲು ಹಾಕಬೇಕಾಯಿತು. ಕೊನೆಗೆ ತನ್ನ ನೂಲಿಗೆ ಕೈ ಹಾಕಿದ.

"ಅದು ಸಡಿಲವಾಗೇ ಇದೆ, ಇರ್ಲಿ," ಎಂದಳು ಬುನ್ಮಾ.

"ಈಗ ಹೀಗೆ ಮಾಡಿ ಅಮ್ಮ," ಎಂದಳು ಡಾಕ್ಟರಮ್ಮ. ಎರಡೂ ಅಂಗೈಯ ಹಿಂಭಾಗಗಳನ್ನು ಒಂದಕ್ಕೊಂದು ಒತ್ತಿ, ಬೆರಳುಗಳನ್ನು ನೆಲದ ಕಡೆ ಮಾಡಿ ತೋರಿಸಿದಳು.

ಬುನ್ಮಾ ಗಾಬರಿಯಾದಳು. "ತಲೆಕೆಳಗು ನಮಸ್ಕಾರನಾ? ಯಾರಿಗೆ? ಪಾತಾಳದ ದೆವ್ವಗಳಿಗಾ?"

"ಯಾರಿಗೂ ಅಲ್ಲ, ಒಂದೇ ನಿಮಿಷ."

ಮನಸ್ಸಿನಲ್ಲೇ ಬುದ್ಧನಲ್ಲಿ ಕ್ಷಮೆ ಕೇಳಿ ಬುನ್ಮಾ ಹಾಗೆ ಮಾಡಿದಳು. ನಿಮಿಷ ತುಂಬುವ ಮೊದಲೇ ಮೂರೂವರೆ ಬೆರಳು ಜುಂ ಎಂದವು. ಕಿರುಬೆರಳು ತಣ್ಣಗಿತ್ತು.

"ಅದೇ," ಎಂದಳು ಡಾಕ್ಟರಮ್ಮ. "ಇದಕ್ಕೆ ಕಾರ್ಪಲ್ ಟನಲ್ ಅಂತಾರೆ. ಮಣಿಕಟ್ಟಲ್ಲಿ ಒಂದು ಸಣ್ಣ ಸುರಂಗ ಇದೆ ಅಮ್ಮ. ಕೆಳಗೆ ಮೂಳೆ, ಮೇಲೊಂದು ಗಟ್ಟಿ ಪಟ್ಟಿ. ಬೆರಳು ಮಡಿಸೋ ಒಂಬತ್ತು ಸ್ನಾಯುಹಗ್ಗ, ಜೊತೆಗೊಂದು ನರ, ಎಲ್ಲ ಅದರೊಳಗೇ ಹೋಗ್ಬೇಕು. ಕುಟ್ಟಿ ಕುಟ್ಟಿ ಹಗ್ಗಗಳ ಸುತ್ತ ಊದ್ಕೊಂಡ್ರೆ ನರಕ್ಕೆ ಜಾಗ ಸಾಲಲ್ಲ. ಆ ನರದ ಬೆರಳುಗಳೇ ಜೋಮು ಹಿಡಿಯೋದು."

"ಅಂದ್ರೆ ನನ್ನ ಗಾಡಿ ಥರ," ಎಂದ ಸೊಂಬತ್. "ಒಂಬತ್ತು ಜನ ದಪ್ಪಗಾದ್ರು, ನಡುವೆ ಪಿಕುಲ್ ಅಜ್ಜಿ ಸಿಕ್ಕಾಕ್ಕೊಂಡ್ಳು. ಕಿರುಚ್ತಾ ಇರೋದು ಅಜ್ಜಿ."

"ಸರಿಯಾಗಿ ಹೇಳಿದ್ರಿ."

"ಕಿರುಬೆರಳು?" ಬುನ್ಮಾಳಿಗೆ ಅದರ ಮೇಲೆ ಇನ್ನೂ ಸಿಟ್ಟಿತ್ತು.

"ಅದರ ನರ ಬೇರೆ ದಾರೀಲಿ ಬರುತ್ತೆ."

"ನಡ್ಕೊಂಡು ಬರ್ತಾಳೆ ಅವಳು," ಎಂದ ಸೊಂಬತ್.

ಬುನ್ಮಾ ಕೊನೆಗೆ ಕೇಳಿದಳು, ದನಿ ತಗ್ಗಿಸಿ. "ಲಕ್ವ ಅಲ್ವಾ ತಾಯೀ?"

"ಲಕ್ವ ಹೀಗೆ ಕಿರುಬೆರಳಿಗೆ ರಿಯಾಯಿತಿ ಕೊಡಲ್ಲ, ಕೊಡವಿದ್ರೆ ಹೋಗಿ ಮತ್ತೆ ಬರೋದೂ ಇಲ್ಲ ಅಮ್ಮ. ರಾತ್ರಿ ಈ ಪಟ್ಟಿ ಹಾಕ್ಕೊಳ್ಳಿ, ಮಣಿಕಟ್ಟು ನೆಟ್ಟಗಿರುತ್ತೆ. ಕೆಲವು ವಾರ ಕುಟ್ಟೋದು ಪೂರ್ತಿ ಬಿಡಿ. ಆಮೇಲೂ ಅರ್ಧ ದಿನ ಮಾತ್ರ. ಕಡಿಮೆ ಆಗ್ದಿದ್ರೆ ಸೂಜಿ ಇದೆ, ಸಣ್ಣ ಆಪರೇಷನ್ ಇದೆ. ಬೇಗ ಬಂದಿದ್ದು ಒಳ್ಳೇದಾಯ್ತು."

ಲಕ್ವ ಅಲ್ಲವೆಂದ ಸಂತೋಷ ಆಸ್ಪತ್ರೆಯ ಗೇಟಿನವರೆಗೂ ಉಳಿಯಲಿಲ್ಲ. ಪೂರ್ತಿ ಬಿಡಬೇಕೆಂದರೆ ಒರಳು ಖಮ್ಲಾಳಿಗೆ ಹೋಯಿತೆಂದೇ ಅರ್ಥ. ಮರುದಿನ ಬುನ್ಮಾ ತಾನೇ ಒನಕೆ ಎತ್ತಿ ನಾದಿನಿಯ ಕೈಗಿಟ್ಟು, ಬೆಳ್ಳುಳ್ಳಿಯ ಬುಟ್ಟಿಯೆದುರು ಕೂತಳು. ಅತ್ತೆ ಕೂತಿದ್ದ ಜಾಗವೇ ಅದು.

ಖಮ್ಲಾ ಮಹಾರಾಣಿಯ ಹಾಗೆ ಕುಟ್ಟಿದಳು. ಆದರೆ ಅವಳು ಕುಟ್ಟಿದ್ದು ಸೊಮ್‌ತಮ್ ಆಗುತ್ತಿರಲಿಲ್ಲ, ಚಟ್ನಿಯಾಗುತ್ತಿತ್ತು. ಸದ್ದೂ ಬೇರೆ. ಬಸ್ಸಿನಲ್ಲಿ ತೂಕಡಿಸುವವರು ಊರು ಬಂದದ್ದು ತಿಳಿಯದೆ ಮುಂದಿನ ಊರಿಗೆ ಹೋಗಿ, ಅಲ್ಲಿಂದ ಬೈಯುತ್ತ ವಾಪಸು ಬಂದರು. ಒಂದು ಕೈಯಲ್ಲಿ ಕೋಳಿ ತಿರುಗಿಸಿ, ಇನ್ನೊಂದರಲ್ಲಿ ಕುಟ್ಟಿ, ಎರಡೇ ವಾರಕ್ಕೆ ಖಮ್ಲಾ ಒನಕೆ ಕೆಳಗಿಟ್ಟು ಬಲಗೈಯನ್ನು ರಸ್ತೆಯ ಕಡೆ ಚಾಚಿ ಪಟಪಟ ಕೊಡವಿದಳು.

ಮುನಿಸಿಪಾಲಿಟಿಯ ಕಸದ ಲಾರಿ ಅಂಗಡಿಗೆ ಮೂಗು ತಾಗಿಸಿ ನಿಂತಿತು.

ಬುನ್ಮಾ ನಾದಿನಿಯನ್ನು ನೋಡಿದಳು, ನಾದಿನಿ ಲಾರಿಯನ್ನು ನೋಡಿದಳು. ಇಬ್ಬರೂ ಬೆಳ್ಳುಳ್ಳಿ ಬುಟ್ಟಿಯ ಮೇಲೆ ಬಿದ್ದು ನಕ್ಕರು.

"ಅಯ್ಯೋ ಅಕ್ಕಾ, ಈ ದರಿದ್ರದ ಒನಕೇನ ಇಷ್ಟು ವರ್ಷ ಹೆಂಗೆ ಹಿಡಿದ್ಯೇ? ನೀನೇ ಇಟ್ಕೋ ಮಾರಾಯ್ತಿ!"

"ಹೀಗೆ ಅಂತ ಮೊದ್ಲೇ ಗೊತ್ತಿದ್ರೆ ನಿಂಗೆ ಅವತ್ತೇ ಕೊಡ್ತಿದ್ದೆ ಕಣೇ," ಎಂದಳು ಬುನ್ಮಾ. ಕೈ ಪೂರ್ತಿ ವಾಸಿಯಾದಮೇಲೆ ಬೆಳಗು ಬುನ್ಮಾಳದು, ಸಂಜೆ ಖಮ್ಲಾಳದು ಎಂದಾಯಿತು. ಚಟ್ನಿ ಬೇಕಾದವರು ಸಂಜೆ ಬರಲಿ ಎಂದು ಬುನ್ಮಾ ಹೇಳಿದಳು.

ಕೈ ಸರಿಹೋಯಿತು. ರಾತ್ರಿ ಪಟ್ಟಿ ಕಟ್ಟಿ ಮಲಗಿದರೆ ಬೆಳಿಗ್ಗೆ ಐದೂ ಬೆರಳು ಹಾಜರು. ಆದರೆ ನೀಲಿ ಗಾಡಿ ಈಗ ನಿಲ್ಲುತ್ತಿರಲಿಲ್ಲ. ಸೊಂಬತ್ ನೇರ ನೋಡುತ್ತ ಹೋಗುತ್ತಿದ್ದ. ಅಂಗಿ ಮತ್ತೆ ಸುಕ್ಕು. ಬುನ್ಮಾಳಿಗೆ ಅದು ಸಹಿಸಲಾಗಲಿಲ್ಲ. ಅವನು ತಿನ್ನುವುದನ್ನು ನೋಡದ ಮಧ್ಯಾಹ್ನಗಳು ಉಪ್ಪಿಲ್ಲದ ಊಟದ ಹಾಗೆ ಸಪ್ಪೆಯಾದವು. ಬಲಗೈಯ ಸಡಿಲ ನೂಲು ಕೊಳೆಯಾಗಿತ್ತು, ಅವಳು ಬಿಚ್ಚಿರಲಿಲ್ಲ. ಕೊನೆಗೆ ಒಂದು ದಿನ, ಬಂದದ್ದು ಬರಲಿ ಎಂದು, ಗಾಡಿ ಬರುವುದನ್ನು ಕಾದು, ಗಟ್ಟಿಮುಟ್ಟಾದ ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ಕರೆದಳು.

ಗಾಡಿ ನಿಲ್ಲಲಿಲ್ಲ. "ಪಟ್ಟಿ ಹಾಕ್ಕೊಳ್ರೀ!" ಎಂದು ಸೊಂಬತ್ ಕಿಟಕಿಯಿಂದ ಕೂಗಿ ಹೋಗಿಬಿಟ್ಟ.

ಮುಂದಿನ ಸುತ್ತಿನಲ್ಲಿ ಎರಡೂ ಕೈಯಲ್ಲಿ ಕರೆದಳು. ಪಿಕುಲ್ ಅಜ್ಜಿ ಹಿಂದಿನಿಂದ ಲೊಚಗುಟ್ಟಿದಳು: "ಪಾಪ, ಎಡಗೈಗೂ ಹರಡ್ತು." ಐಸಿನವನೂ ನಿಲ್ಲಲಿಲ್ಲ, ಆ ದಿನ ಅವಳಿಗೆ ನಿಜವಾಗಿಯೂ ಐಸ್ ಬೇಕಾಗಿತ್ತು. ಲಾಟರಿಯವಳು ದೂರದಿಂದಲೇ ಕನಿಕರದಿಂದ ಕೈಮುಗಿದಳು. ಬುನ್ಮಾಳ ಕಾಯಿಲೆ ಏನೆಂದು ಊರಿಗೆ ಊರೇ ಚೆನ್ನಾಗಿ ಅರ್ಥಮಾಡಿಕೊಂಡಿತ್ತು.

ಮೂರನೆಯ ಸುತ್ತಿಗೆ ಬುನ್ಮಾ ಒನಕೆ ಹಿಡಿದು ನಡುರಸ್ತೆಗೆ ಇಳಿದಳು. ಗಾಡಿ ಅವಳ ಮೂಗಿನ ಮುಂದೆ ನಿಂತಿತು. ಹಿಂದಿನವರು ಒಬ್ಬರ ಮೇಲೊಬ್ಬರು ಬಿದ್ದರು.

"ಕರೆದ್ರೆ ನಿಲ್ಸೋಕಾಗಲ್ವಾ?"

"ಕೈ ನಿದ್ದೆಹೋಗಿದೆ ಅಂದ್ಕೊಂಡೆ," ಎಂದ ಸೊಂಬತ್.

"ಕೈ ಎಚ್ಚರವಾಗೇ ಇದೆ, ಸೊಂಬತ್." ಅವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಿವಿಯವರೆಗೂ ಬಿಸಿಯಾಯಿತು, ಆದರೂ ನಿಲ್ಲಿಸಲಿಲ್ಲ. "ನಾನೇ ಕರೆದಿದ್ದು. ಮೂರು ಸಲ. ಊಟಕ್ಕೆ ಬಾ ಅಂತ. ಇವತ್ತಿಗೊಂದೇ ದಿನ ಅಲ್ಲ."

ಗಾಡಿಯ ಹಿಂದಿನಿಂದ ಮತ್ತೆ ಕತ್ತುಗಳು ಹೊರಬಂದವು. ಖಮ್ಲಾಳ ಕೋಳಿ ಸೀದ ವಾಸನೆ ಬರುತ್ತಿತ್ತು.

"ಇಳಿಯೋ ಮೂಳಾ," ಎಂದಳು ಪಿಕುಲ್ ಅಜ್ಜಿ. "ನನ್ನ ಕಾಯಿಲೆ ಕಾಯುತ್ತೆ."

ಸೊಂಬತ್ ಇಳಿದು, ಅಂಗಿಯ ಸುಕ್ಕನ್ನು ಅಂಗೈಯಲ್ಲಿ ತೀಡಿಕೊಂಡು, ಸ್ಟೂಲಿನ ಮೇಲೆ ಕೂತ. ಬುನ್ಮಾ ಒರಳಿಗೆ ಪರಂಗಿ ತುರಿ ಹಾಕಿದಳು.

"ಎಷ್ಟು ಮೆಣಸಿನಕಾಯಿ?"

ಅವನು ಗಾಡಿಯಿಂದ ಹೊರಬಂದ ಕತ್ತುಗಳನ್ನು ನೋಡಿದ, ಅವಳ ಕೈಯ ಕೊಳಕು ನೂಲನ್ನು ನೋಡಿದ.

"ಒಂದು."

"ಒಂದಾ?"

"ಮೊದ್ಲಿಂದ್ಲೂ ಅಷ್ಟೇ ಆಗ್ತಿದ್ದಿದ್ದು. ಅವತ್ತು ಜನ ಕೇಳ್ತಿದ್ರು, ಹತ್ತು ಅಂದ್ಬಿಟ್ಟೆ. ಹೊಟ್ಟೆ ಹೊತ್ತಿ ಉರೀತಿತ್ತು ಬುನ್ಮಾ. ಆ ಆಸ್ಪತ್ರೆಗೆ ನಾನೂ ಎರಡು ಸಲ ಹೋಗ್ಬಂದೆ."

ಪೊಲೀಸಿನವನು ನಗಲು ಬಾಯಿ ತೆರೆದ. ಪಿಕುಲ್ ಅಜ್ಜಿ ಅವನ ತೊಡೆ ಚಿವುಟಿದಳು. ಬುನ್ಮಾ ನಗಲಿಲ್ಲ. ಬುಟ್ಟಿಯಿಂದ ಚಿಕ್ಕದೊಂದು ಮೆಣಸಿನಕಾಯಿ ಆರಿಸಿ, ಎರಡು ತುಂಡು ಮಾಡಿ, ಒಂದನ್ನು ಒರಳಿಗೆ ಹಾಕಿದಳು. ಇನ್ನೊಂದನ್ನು ಯಾರಿಗೂ ಕಾಣದ ಹಾಗೆ ಸೊಂಟದ ಬಟ್ಟೆಯ ಮಡಿಕೆಯಲ್ಲಿ ಮುಚ್ಚಿಟ್ಟು, ಮೆಲ್ಲಗೆ ಕುಟ್ಟತೊಡಗಿದಳು.